ಮುರುಗಲು ಹಣ್ಣು ಬಂದಿದೆ: ಮನೆಯಲ್ಲಿ ಯಾರಿಗೆ, ಎಷ್ಟು, ಹೇಗೆ ಕೊಡಲಿ?

ಕೇಳಿದವರು, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಸ್ನೇಹಿತರು ಸಿದ್ದಾಪುರದ ಕಡೆಯವರು. ಮೊನ್ನೆ ಊರಿಂದ ಬರುವಾಗ ಮೂರು ಕೆಜಿ ಮುರುಗಲು (ಕೋಕಂ) ಹಣ್ಣು, ಜೊತೆಗೆ ಒಂದು ಪೊಟ್ಟಣ ಒಣಸಿಪ್ಪೆ ತಂದುಕೊಟ್ಟರು. "ಬೇಸಿಗೆಗೆ ಇದಕ್ಕಿಂತ ತಂಪು ಇನ್ನೊಂದಿಲ್ಲ, ಪಿತ್ತಕ್ಕೆ ರಾಮಬಾಣ" ಅಂದರು. ನಾವು ಬಯಲುಸೀಮೆಯವರು. ಬಾಟಲಿಯ ಶರಬತ್ತು ಕುಡಿದಿದ್ದೇವೆಯೇ ಹೊರತು ಹಣ್ಣು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಅತ್ತೆಗೆ ಸಕ್ಕರೆ ಕಾಯಿಲೆ, ಯಜಮಾನರಿಗೆ ರಾತ್ರಿ ಹೊತ್ತು ಎದೆಯುರಿ, ಏಳು ವರ್ಷದ ಮಗನಿಗೆ ಏಪ್ರಿಲ್ ಬಂತೆಂದರೆ ಕುತ್ತಿಗೆ ಬೆನ್ನಿನ ಮೇಲೆಲ್ಲ ಕೆಂಪು ದದ್ದು. ಇಷ್ಟು ಹುಳಿ ಇರುವ ಹಣ್ಣು ಎದೆಯುರಿಗೆ ಹೇಗೆ ತಂಪಾಗುತ್ತದೆ ಎಂಬುದೇ ನನಗೆ ತಿಳಿಯುತ್ತಿಲ್ಲ. ಬಳಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಶಿರಸಿಯಿಂದ

ತಂಗಿ, ಮೊದಲು ಹಣ್ಣಿನ ಕೆಲಸ ಮುಗಿಸಿಬಿಡು. ಕಳಿತ ಮುರುಗಲು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ತೊಳೆದು, ನೀರು ಪೂರ್ತಿ ಒರೆಸಿ, ಅಡ್ಡಕ್ಕೆ ಎರಡು ಹೋಳು ಮಾಡು. ಒಳಗೆ ಬಿಳಿ ತಿರುಳು ಅಂಟಿದ ಬೀಜ ಇರುತ್ತದೆ. ಅದನ್ನು ಬೆರಳಲ್ಲಿ ತೆಗೆದು ಬೇರೆ ಪಾತ್ರೆಗೆ ಹಾಕು, ಎಸೆಯಬೇಡ. ಕೈಯೆಲ್ಲ ಕುಂಕುಮ ಹಚ್ಚಿದಂತೆ ಕೆಂಪಾಗುತ್ತದೆ, ಸೋಪು ತಾಗಿದ ಕೂಡಲೇ ಆ ಕೆಂಪು ನೀಲಿಗೆ ತಿರುಗುತ್ತದೆ, ಗಾಬರಿ ಬೇಡ. ಹುಳಿ ಇರುವಾಗ ಕೆಂಪು, ಸೋಪಿನ ಕ್ಷಾರ ಸೇರಿದರೆ ನೀಲಿ, ಆ ಬಣ್ಣದ ಗುಣವೇ ಅದು. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಮಾತ್ರ ಮುಟ್ಟಿಸಬೇಡ. ಗಾಜು, ಪಿಂಗಾಣಿ ಭರಣಿ, ಸ್ಟೀಲು ಆಗುತ್ತದೆ.

ಮೂರು ಕೆಜಿ ಹಣ್ಣಿಗೆ ಸುಮಾರು ಒಂದೂವರೆ ಕೆಜಿ ಸಿಪ್ಪೆ ಸಿಕ್ಕೀತು. ಅರ್ಧ ಶರಬತ್ತಿಗೆ ಇಟ್ಟುಕೋ, ಅರ್ಧ ಒಣಗಿಸು. ಶರಬತ್ತಿಗೆ ನಮ್ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಭರಣಿಯ ಅಡಿಗೆ ಸಕ್ಕರೆ, ಮೇಲೆ ಬಟ್ಟಲಿನ ಹಾಗೆ ಮೇಲ್ಮುಖವಾಗಿ ಸಿಪ್ಪೆ, ಪ್ರತಿ ಬಟ್ಟಲಿಗೂ ಸಕ್ಕರೆ ತುಂಬು, ಮತ್ತೆ ಒಂದು ಸಾಲು. ಒಂದು ಕೆಜಿ ಸಿಪ್ಪೆಗೆ ಒಂದೂವರೆ ಕೆಜಿ ಸಕ್ಕರೆ ನಮ್ಮ ಲೆಕ್ಕ. ಬಾಯಿಗೆ ತೆಳು ಬಟ್ಟೆ ಕಟ್ಟಿ ಎಂಟು ದಿನ ಬಿಸಿಲಿಗೆ ಇಡು, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ಕೈಯಾಡಿಸು. ನಾಲ್ಕನೇ ದಿನಕ್ಕೆಲ್ಲ ಸಕ್ಕರೆ ಕರಗಿ ಸಿಪ್ಪೆ ತೇಲಲು ಶುರುವಾಗುತ್ತದೆ. ಆಮೇಲೆ ಸೋಸಿ ಬಾಟಲಿಗೆ ತುಂಬಿದರೆ ಮುಂದಿನ ಬೇಸಿಗೆವರೆಗೂ ಇರುತ್ತದೆ. ಕುಡಿಯುವಾಗ ಒಂದು ಪಾಲಿಗೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ನೀರು ಹೂಜಿಯದ್ದಾದರೆ ಸಾಕು, ಫ್ರಿಜ್ಜಿನದ್ದೇ ಬೇಕೆಂದಿಲ್ಲ.

ಒಣಗಿಸುವ ಸಿಪ್ಪೆಗೆ ಒಂದು ಉಪಾಯ ಇದೆ. ತೆಗೆದಿಟ್ಟ ತಿರುಳು ಬೀಜದ ಪಾತ್ರೆಗೆ ಸ್ವಲ್ಪ ಉಪ್ಪು ಹಾಕಿದರೆ ರಸ ಬಿಡುತ್ತದೆ. ಸಂಜೆ ಸಿಪ್ಪೆಯನ್ನು ಆ ರಸದಲ್ಲಿ ಅದ್ದಿ ಬೆಳಿಗ್ಗೆ ಮತ್ತೆ ಬಿಸಿಲಿಗೆ ಹರಡು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಸಿಪ್ಪೆ ಕಪ್ಪಾಗಿ ಮೆತ್ತಗೆ ಇರುತ್ತದೆ, ಹುಳಿಯೂ ಗಟ್ಟಿ. ನಿಮ್ಮ ಕಡೆ ಬಿಸಿಲು ಧಾರಾಳ, ಅದು ನಿನ್ನ ಅದೃಷ್ಟ. ನಮ್ಮಲ್ಲಿ ಮೇ ಕೊನೆಗೆ ಹಣ್ಣು ಮರದ ತುಂಬ ಇರುತ್ತದೆ, ಅಷ್ಟರಲ್ಲೇ ಮಳೆ ಹಿಡಿದು ಎಷ್ಟೋ ಹಣ್ಣು ಮರದ ಬುಡದಲ್ಲೇ ಮಣ್ಣಾಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪುತ್ತೂರಿನಿಂದ

ನಮ್ಮಲ್ಲಿ ಇದಕ್ಕೆ ಪುನರ್ಪುಳಿ ಅಂತ ಹೇಳುವುದು. ಅಕ್ಕ ಶರಬತ್ತಿನ ವಿಷಯ ಹೇಳಿದ್ದಾರೆ, ನಾನು ಸಾರಿನದ್ದು ಹೇಳುತ್ತೇನೆ. ಏಳೆಂಟು ಒಣಸಿಪ್ಪೆಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿಗೆ ಇನ್ನೂ ಎರಡು ಲೋಟ ನೀರು, ಉಪ್ಪು, ಸೀಳಿದ ಹಸಿಮೆಣಸು, ಚೂರು ಬೆಲ್ಲ ಹಾಕಿ ಒಂದು ಕುದಿ ಬರಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಬೇಳೆ ಬೇಡ, ಪುಡಿ ಬೇಡ. ಸೆಖೆಗೆ ಊಟವೇ ಸೇರದ ದಿನ ಕುಚ್ಚಲಕ್ಕಿ ಅನ್ನಕ್ಕೆ ಇದೊಂದು ಇದ್ದರೆ ಎರಡು ತುತ್ತು ಹೆಚ್ಚೇ ಇಳಿಯುತ್ತದೆ. ಊಟ ಮುಗಿದ ಮೇಲೆ ಅರ್ಧ ಲೋಟ ಹಾಗೆಯೇ ಕುಡಿಯುವವರೂ ಇದ್ದಾರೆ.

ಪಿತ್ತದ ದದ್ದಿಗೆ ನನ್ನ ಅಜ್ಜಿ ನೆನೆಸಿದ ಸಿಪ್ಪೆಯ ನೀರನ್ನು ಮೈಗೆ ಹಚ್ಚುತ್ತಿದ್ದರು, ಸ್ವಲ್ಪ ಕುಡಿಸುತ್ತಿದ್ದರು. ತುರಿಕೆ ಕಡಿಮೆಯಾಗುತ್ತಿತ್ತು ಅನ್ನುವುದು ನನಗೆ ನೆನಪಿದೆ. ಆದರೆ ಒಂದು ಸಲ ನನ್ನ ತಮ್ಮನಿಗೆ ದದ್ದಿನ ಜೊತೆ ತುಟಿ ಊದಿ ಉಸಿರು ಕಟ್ಟಿದ ಹಾಗಾಯಿತು. ಅಜ್ಜಿಯೇ "ಇದು ಪುನರ್ಪುಳಿಯಲ್ಲಿ ಹೋಗುವುದಲ್ಲ, ಗಾಡಿ ತೆಗೆಯಿರಿ" ಅಂದರು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಸರಿಯಾಯಿತು. ಮಗುವಿನ ದದ್ದು ಯಾವ ಥರದ್ದು ಅಂತ ಮೊದಲು ಯಾರಿಗಾದರೂ ತೋರಿಸಿ.

ಆಯುರ್ವೇದ ವೈದ್ಯರೊಬ್ಬರು, ಶಿವಮೊಗ್ಗದಿಂದ

"ಹುಳಿ ಹೇಗೆ ತಂಪು" ಎಂದು ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಸಂಸ್ಕೃತದಲ್ಲಿ ಇದನ್ನು ವೃಕ್ಷಾಮ್ಲ ಎಂದು ಗುರುತಿಸುತ್ತೇವೆ. ಶಾಸ್ತ್ರ ಇದನ್ನು ತಂಪು ಎಂದು ಹೇಳುವುದೇ ಇಲ್ಲ. 16ನೇ ಶತಮಾನದ ಭಾವಪ್ರಕಾಶದಲ್ಲಿ ಇದರ ಕಾಯಿ ಹುಳಿ ಮತ್ತು ಉಷ್ಣ, ವಾತವನ್ನು ತಗ್ಗಿಸಿದರೂ ಕಫ ಪಿತ್ತಗಳನ್ನು ಹೆಚ್ಚಿಸುತ್ತದೆ ಎಂದಿದೆ. ಹಣ್ಣಿಗೆ ಬಾಯಿರುಚಿ ಹುಟ್ಟಿಸುವ, ಜಠರಾಗ್ನಿ ಎಬ್ಬಿಸುವ, ಮಲವನ್ನು ಹಿಡಿದು ನಿಲ್ಲಿಸುವ ಗುಣ. ಬಾಯಾರಿಕೆ, ಮೂಲವ್ಯಾಧಿ, ಗ್ರಹಣಿ (ಜೀರ್ಣ ಕೆಟ್ಟು ಮತ್ತೆ ಮತ್ತೆ ಭೇದಿಯಾಗುವ ಕಾಯಿಲೆ), ಹೊಟ್ಟೆಶೂಲೆಗಳಲ್ಲಿ ಹೇಳಿದ್ದಾರೆ. ಚರಕಸಂಹಿತೆಯಲ್ಲಿ ಮಾವು, ದಾಳಿಂಬೆ, ಮಾದಳದ ಜೊತೆ ಇದನ್ನೂ ಹೃದ್ಯವೆಂಬ ಹತ್ತರ ಗುಂಪಿಗೆ ಸೇರಿಸಿದ್ದಾರೆ. ಹೃದ್ಯ ಎಂದರೆ ಮನಸ್ಸಿಗೆ ಹಿತವಾದದ್ದು ಎಂಬ ಅರ್ಥವೂ ಇದೆ. ಹೃದಯದ ಕಾಯಿಲೆಗೆ ಮಾತ್ರೆಯ ಬದಲು ಇದನ್ನು ಕುಡಿಯಬಹುದು ಎಂದು ದಯವಿಟ್ಟು ತಿಳಿಯಬೇಡಿ. ಹಾಗೆ ಮಾತ್ರೆ ಬಿಟ್ಟು ಬಂದವರನ್ನು ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಜನ ತಂಪು ಎನ್ನುವುದು ಸುಳ್ಳೇ? ಅಲ್ಲ. ಜನ ಕುಡಿಯುವುದು ಪಾನಕ. ಅದರಲ್ಲಿ ಹಣ್ಣಿಗಿಂತ ನೀರು ಐದಾರು ಪಟ್ಟು, ಜೊತೆಗೆ ಸಕ್ಕರೆಯೋ ಬೆಲ್ಲವೋ. ಸಿಹಿ ಮತ್ತು ನೀರು ಸೇರಿದಾಗ ಹುಳಿಯ ತೀಕ್ಷ್ಣತೆ ಇಳಿಯುತ್ತದೆ, ಬಾಯಾರಿಕೆ ತಣಿಯುತ್ತದೆ. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಒಂದಿಷ್ಟು ಮರಳುತ್ತದೆ. ಅದೇ ಸಿಪ್ಪೆಯನ್ನು ಗಟ್ಟಿ ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿದರೆ ಎದೆಯುರಿ ಇರುವವರಿಗೆ ಉರಿ ಏರಬಹುದು. ಒಂದೇ ಹಣ್ಣು, ಮಾಡುವ ರೀತಿಯಿಂದ ಗುಣ ಬೇರೆಯಾಗುತ್ತದೆ.

ಭೇದಿ ಶುರುವಾದಾಗ "ಮುರುಗಲು ಕಟ್ಟುತ್ತದೆ" ಎಂದು ಇದನ್ನೇ ನೆಚ್ಚಿ ಕೂರಬೇಡಿ, ಮಕ್ಕಳ ವಿಷಯದಲ್ಲಂತೂ ಖಂಡಿತ ಬೇಡ. ಮೊದಲು ಓಆರ್‌ಎಸ್.

ಬೆಂಗಳೂರಿನಿಂದ

ನಿಮ್ಮ ಯಜಮಾನರಿಗಾಗಿ ನನ್ನ ಅನುಭವ ಹೇಳುತ್ತೇನೆ. ನನಗೆ ಆ್ಯಸಿಡ್ ಮೇಲೆ ಬರುವ ತೊಂದರೆ ಆರು ವರ್ಷದಿಂದ ಇದೆ. ಯಾರೋ ಹೇಳಿದರೆಂದು ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಕಲಸಿದ ಮುರುಗಲು ಶರಬತ್ತು ಕುಡಿದು ಮಲಗುತ್ತಿದ್ದೆ. ಮೂರನೇ ದಿನ ರಾತ್ರಿ ಎರಡು ಗಂಟೆಗೆ ಗಂಟಲವರೆಗೂ ಹುಳಿ ಬಂದು ಎದ್ದು ಕೂತೆ. ಆಮೇಲೆ ರಾತ್ರಿಯದ್ದು ನಿಲ್ಲಿಸಿದೆ. ಈಗ ಮಧ್ಯಾಹ್ನದ ಊಟದ ಜೊತೆ, ಚೆನ್ನಾಗಿ ತೆಳು ಮಾಡಿದ್ದು ಅರ್ಧ ಲೋಟ ಕುಡಿದರೆ ಏನೂ ಆಗುವುದಿಲ್ಲ. ಸಾರಿಗೆ ಹುಣಸೆಹಣ್ಣಿನ ಬದಲು ಇದನ್ನು ಹಾಕುತ್ತೇವೆ, ಅದೂ ಒಗ್ಗಿದೆ. ಹೊಟ್ಟೆಯಲ್ಲಿ ಹುಣ್ಣು ಇದೆ ಎಂದು ವೈದ್ಯರು ಹೇಳಿದ್ದರೆ ಮಾತ್ರ ಅವರನ್ನು ಕೇಳದೆ ಮುಟ್ಟಬೇಡಿ.

ಇನ್ನೊಂದು, ಯಾವ ಹುಳಿ ಪಾನೀಯ ಕುಡಿದರೂ ಬಾಯಿ ಮುಕ್ಕಳಿಸಿ. ಕೂಡಲೇ ಹಲ್ಲುಜ್ಜಬೇಡಿ.

ಹುಬ್ಬಳ್ಳಿಯಿಂದ

ಅಕ್ಕಾರ, ನಮ್ಮ ಅವ್ವಗ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹಣ್ಣಿನ ಶರಬತ್ತು, ಔಷಧಿ ಇದ್ದಂಗ ಅಂತ ಹೋದ ಬ್ಯಾಸಿಗ್ಯಾಗ ದಿನಾ ಒಂದು ದೊಡ್ಡ ಲೋಟ ಕೊಟ್ವಿ. ಒಂದು ವಾರ ಆದಮ್ಯಾಲ ಊಟ ಆಗಿ ಎರಡು ತಾಸಿಗೆ ನೋಡಿದರ 240 ದಾಟಿತ್ತು. ತಪ್ಪು ಹಣ್ಣಿಂದಲ್ಲ, ಸಕ್ಕರಿದು. ಶಿರಸಿ ಅಕ್ಕಾರು ಹೇಳಿದ ಲೆಕ್ಕದಾಗ ನೋಡ್ರಿ, ಒಂದು ಲೋಟಕ್ಕ ನಲವತ್ತು ಎಂ.ಎಲ್. ಶರಬತ್ತು ಹಾಕಿದರ ಅದರಾಗ ಹತ್ತಿರ ಹತ್ತಿರ ಮೂವತ್ತು ಗ್ರಾಂ ಸಕ್ಕರಿ ಬರತದ. ಮೇಲಿಂದ ಹಾಕೋ ಸಕ್ಕರಿ ದಿನಕ್ಕ 25 ಗ್ರಾಂ ಒಳಗ ಇದ್ದರ ಚಲೋ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಗಟ್ಟಿಮುಟ್ಟು ಇರೋ ಮಂದಿಗೂ ಸೇರಿ. ಬೆಲ್ಲ ಹಾಕಿದರೂ ಲೆಕ್ಕ ಅಷ್ಟ.

ಈಗ ರಾತ್ರಿ ಐದು ಒಣಸಿಪ್ಪಿ ಒಂದು ತಂಬಿಗಿ ನೀರಾಗ ನೆನೀಲಿಕ್ಕ ಇಡ್ತೀವಿ. ಮುಂಜಾನೆ ಸೋಸಿ ಜೀರಿಗಿ ಪುಡಿ, ಚೂರು ಉಪ್ಪು. ಸಕ್ಕರಿ ಇಲ್ಲ. ಮೊದಲ ಎರಡು ದಿನ ಅವ್ವ ಮುಖ ಕಿವುಚಿದಳು, ಈಗ ಅದಿಲ್ಲದ ಮಧ್ಯಾಹ್ನ ಊಟಕ್ಕ ಕೂಡೂದಿಲ್ಲ. ರಕ್ತದೊತ್ತಡ ಇದ್ದವರು ಉಪ್ಪೂ ಬಿಡ್ರಿ, ಉಪ್ಪು ಹಚ್ಚಿ ಒಣಗಿಸಿದ ಸಿಪ್ಪಿ ಆದರ ತೊಳದು ನೆನಸ್ರಿ. ಗುಳಿಗಿ ಮಾತ್ರ ಡಾಕ್ಟರು ಹೇಳಿದಂಗ ನಡೀಲಿ.

ಕುಮಟಾದಿಂದ

ಬೀಜದ ಬಗ್ಗೆ ಯಾರೂ ಮುಂದುವರಿಸಲಿಲ್ಲ, ನನಗೆ ಪ್ರೀತಿಯ ವಿಷಯ ಅದು. ತಿರುಳು ಹೋಗುವ ಹಾಗೆ ಬೂದಿ ಹಾಕಿ ಉಜ್ಜಿ ತೊಳೆದು, ಬೀಜ ಗಲಗಲ ಅನ್ನುವವರೆಗೆ ಒಣಗಿಸಿ. ಸಿಪ್ಪೆ ಒಡೆದು ಒಳಗಿನ ಬೀಜ ಕುಟ್ಟಿ ಪುಡಿ ಮಾಡಿ ನೀರಲ್ಲಿ ಚೆನ್ನಾಗಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಗಟ್ಟಿಯಾದ ಬಿಲ್ಲೆ. ಅದೇ ಮುರುಗಲು ತುಪ್ಪ. ನಮ್ಮಮ್ಮ ಅದನ್ನು ಮತ್ತೆ ಕರಗಿಸಿ, ಉಂಡೆ ಕಟ್ಟಿ ಡಬ್ಬಿಯಲ್ಲಿಡುತ್ತಿದ್ದರು. ಮೇಣದ ಹಾಗೆ ಗಟ್ಟಿ ಇರುತ್ತದೆ, 40 ಡಿಗ್ರಿ ಹತ್ತಿರ ಬಂದರೆ ಕರಗುತ್ತದೆ, ಅಂದರೆ ಮೈಬಿಸಿಗೆ ನಿಧಾನ ಮೆತ್ತಗಾಗುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಬಿಸಿನೀರಲ್ಲಿ ಕಾಲು ತೊಳೆದು ಹಚ್ಚಿ ಹಳೇ ಕಾಲುಚೀಲ ಹಾಕಿ ಮಲಗಬೇಕು. ಚಳಿಗಾಲದ ತುಟಿಗೂ ಅದೇ. ಮೂರು ಕೆಜಿ ಹಣ್ಣಿನ ಬೀಜದಲ್ಲಿ ಸಿಗುವುದು ಅಂಗೈಯಗಲ ಅಷ್ಟೇ, ಆದರೂ ಒಂದು ಚಳಿಗಾಲಕ್ಕೆ ಸಾಕು. ಹಸಿಗಾಯಕ್ಕೆ ಹಚ್ಚಬೇಡಿ.

ಸಿದ್ದಾಪುರ ತಾಲ್ಲೂಕಿನ ಕೃಷಿಕರು

ಹಳದಿ ಬಣ್ಣದ ಹಣ್ಣು ಕೊಡುವ ಬಿಳಿ ಮುರುಗಲು ಅಂತ ಇನ್ನೊಂದು ಇದೆ, ಅಪರೂಪ. ಪಿತ್ತಕ್ಕೆ ನಮ್ಮ ಹಿರಿಯರು ಅದನ್ನೇ ಹೆಚ್ಚು ಇಷ್ಟಪಡುತ್ತಿದ್ದರು. ಬೀಜದಿಂದ ಬೆಳೆಸಿದರೆ ಏಳೆಂಟು ವರ್ಷ ಕಾಯಬೇಕು, ಕಾದ ಮೇಲೆ ಅರ್ಧದಷ್ಟು ಮರ ಗಂಡಾಗಿ ಕಾಯೇ ಬಿಡುವುದಿಲ್ಲ. ಅದಕ್ಕೇ ಈಗ ಕಸಿ ಗಿಡ ನೆಡುತ್ತೇವೆ.

ಉಪ್ಪಾಗೆ ಎಂಬ ಇನ್ನೊಂದು ಹುಳಿಹಣ್ಣು ಮುರುಗಲಿನ ದಾಯಾದಿ, ಆದರೆ ಬೇರೆ. ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಆಗುವುದು ಅದರಿಂದ. ತೂಕ ಇಳಿಸುವ ಕ್ಯಾಪ್ಸೂಲಿಗೆ ಹೋಗುವುದೂ ಮುಖ್ಯವಾಗಿ ಉಪ್ಪಾಗೆ ಸಿಪ್ಪೆಯ ಸತ್ವವೇ. ಎರಡರಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುವುದರಿಂದ ಮುರುಗಲಿಗೂ ತೂಕ ಇಳಿಸುತ್ತದೆ ಎಂಬ ಹೆಸರು ಅಂಟಿದೆ. ಸಾರಿಗೆ ನಾಲ್ಕು ಸಿಪ್ಪೆ ಹಾಕುವುದು ಬೇರೆ, ಸತ್ವ ಇಳಿಸಿ ಗುಳಿಗೆ ಮಾಡಿ ನುಂಗುವುದು ಬೇರೆ. ಅಂಥ ಗುಳಿಗೆ ತಿಂದು ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ತೂಕ ಇಳಿದದ್ದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಬೆಳೆಯುವವನಾಗಿ ನನ್ನ ಹಣ್ಣು ಮಾರಾಟವಾಗಲಿ ಎಂದೇ ನನ್ನ ಆಸೆ. ಆದರೆ ಅಡುಗೆಮನೆಯಲ್ಲಿ ಬಳಸಿ ಮಾರಾಟವಾಗಲಿ.

ಕೇಳಿದವರು, ಹನ್ನೆರಡು ದಿನದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಮಾಡಿದ್ದನ್ನು ಹೇಳದೆ ಇರಲು ಮನಸ್ಸಾಗಲಿಲ್ಲ. ಮಗನನ್ನು ಚರ್ಮದ ವೈದ್ಯರಿಗೆ ತೋರಿಸಿದೆವು. ಅದು ಪಿತ್ತದ ದದ್ದೇ ಅಲ್ಲವಂತೆ, ಬೆವರುಸಾಲೆ. ಸಡಿಲ ಹತ್ತಿ ಅಂಗಿ, ದಿನಕ್ಕೆರಡು ಸಲ ತಣ್ಣೀರ ಸ್ನಾನ, ಅಷ್ಟರಲ್ಲೇ ಬೆನ್ನು ಮುಕ್ಕಾಲು ಪಾಲು ತಿಳಿಯಾಗಿದೆ. ಶರಬತ್ತು ಅವನಿಗೆ ರುಚಿಗೆಂದು ಮಾತ್ರ, ಸಣ್ಣ ಲೋಟದಲ್ಲಿ. ಅತ್ತೆ ಸಕ್ಕರೆ ಇಲ್ಲದ ಸಿಪ್ಪೆ ನೀರು ಕುಡಿಯುತ್ತಿದ್ದಾರೆ, ಜೀರಿಗೆ ಸ್ವಲ್ಪ ಹೆಚ್ಚು ಬೇಕು ಅನ್ನುತ್ತಾರೆ. ಯಜಮಾನರಿಗೆ ಮಧ್ಯಾಹ್ನ ಸಾರಿನಲ್ಲಿ ಮಾತ್ರ. ರಾತ್ರಿ ಊಟವನ್ನು ಎಂಟು ಗಂಟೆಗೆ ತಂದಿದ್ದೇವೆ, ಎದೆಯುರಿ ಕಡಿಮೆಯಾಗಿದ್ದು ಅದರಿಂದಲೇ ಇರಬೇಕು.

ಭರಣಿಯನ್ನು ನಿನ್ನೆ ಸೋಸಿದೆ, ಎರಡು ಬಾಟಲಿ ಬಂತು. ಬೀಜ ಮಾಳಿಗೆ ಮೇಲೆ ಒಣಗುತ್ತಿವೆ, ಇನ್ನೂ ಗಲಗಲ ಅನ್ನುತ್ತಿಲ್ಲ. ಕುಮಟಾದ ಅಕ್ಕ, ತುಪ್ಪ ತೆಗೆಯುವ ದಿನ ನಿಮ್ಮನ್ನು ಮತ್ತೆ ಕೇಳುತ್ತೇನೆ.