ಒಬ್ಬರೇ ಪದೇ ಪದೇ ಆರ್‌ಟಿಐ ಹಾಕಿದರೆ ಏನು ಮಾಡೋದು?

ಕೇಳಿದ್ದು: ನಾನು ಗ್ರಾಮ ಪಂಚಾಯಿತಿ ಪಿಡಿಒ. ಒಬ್ಬರೇ ವ್ಯಕ್ತಿ ವಾರ ಬಿಟ್ಟು ವಾರ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ. ಐದು ವರ್ಷದ ಎಲ್ಲ ಬಿಲ್ಲು, ವೋಚರು, ನಡಾವಳಿ ಪುಸ್ತಕ, ಕೊನೆಗೆ ಬಿಲ್ ಕಲೆಕ್ಟರ್ ರಜೆ ಚೀಟಿ ಕೂಡ ಬೇಕಂತೆ. ಜೆರಾಕ್ಸ್ ಮಾಡಿಸಿಟ್ಟರೆ ಒಯ್ಯಲು ಬರುವುದಿಲ್ಲ. ‘ಕಿರುಕುಳದ ಅರ್ಜಿ’ ಅಂತ ತಳ್ಳಿಹಾಕಬಹುದಾ? ಅನುಭವ ಇದ್ದವರು ಹೇಳಿ.

ನಿವೃತ್ತ ಪಿಡಿಒ: ಹಾಗೆ ಮಾತ್ರ ಬರೆಯಬೇಡಿ ಸರ್. ಬ್ರಿಟನ್ನಿನ ಕಾಯ್ದೆಯಲ್ಲಿ ಅಂಥ ಅರ್ಜಿ ತಳ್ಳಿಹಾಕಲು 14ನೇ ಸೆಕ್ಷನ್ ಇದೆ, ನಮ್ಮ 2005ರ ಕಾಯ್ದೆಯಲ್ಲಿ ಇಲ್ಲ. ಯಾಕೆ ಬೇಕು ಅಂತ ಕೇಳುವ ಹಾಗೂ ಇಲ್ಲ, 6(2) ನೋಡಿ. ಸಿಟ್ಟಲ್ಲಿ ‘ಕೊಡಲ್ಲ’ ಅಂತ ಹಿಂಬರಹ ಕೊಟ್ಟರೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೂ ದಂಡ ಬೀಳಬಹುದು, ಅದೂ ನಿಮ್ಮ ಜೇಬಿನಿಂದ. ಬದಲಿಗೆ ನಿಯಮ ಹಿಡಿದುಕೊಳ್ಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾಲ್ಕು ವಿಷಯ ತುರುಕಿದ್ದರೆ ಮೊದಲನೆಯದಕ್ಕೆ ಉತ್ತರ ಕೊಟ್ಟು ಉಳಿದವಕ್ಕೆ ಬೇರೆ ಬೇರೆ ಅರ್ಜಿ ಹಾಕಿ ಅನ್ನಬಹುದು. ಇನ್ನು ಜೆರಾಕ್ಸ್ ಯಾಕೆ ಮೊದಲೇ ಮಾಡಿಸುತ್ತೀರಿ? ಪುಟ ಎಣಿಸಿ, ಪುಟಕ್ಕೆ 2 ರೂಪಾಯಿಯಂತೆ ಇಷ್ಟು ಕಟ್ಟಿ ಅಂತ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. ಪತ್ರ ಹೋದ ದಿನದಿಂದ ದುಡ್ಡು ಕಟ್ಟುವವರೆಗಿನ ದಿನಗಳು ಉತ್ತರ ಕೊಡಬೇಕಾದ 30 ದಿನದ ಲೆಕ್ಕಕ್ಕೆ ಬರುವುದಿಲ್ಲ. ಸುಮ್ನೆ ಸತಾಯಿಸಲು ಕೇಳಿದವರು ಬಹುತೇಕ ಇಲ್ಲೇ ನಿಲ್ಲುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರ ಹೆಸರಲ್ಲಿ ಅರ್ಜಿ ಹಾಕಿಸುವವರೂ ಇದ್ದಾರೆ ಬಿಡಿ, ಅವರಿಗೆ ಶುಲ್ಕ ಇಲ್ಲವಲ್ಲ.

ತಾಲ್ಲೂಕು ಕಚೇರಿ ಎಫ್‌ಡಿಎ: ರಜೆ ಚೀಟಿಗೆ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಇದೆ. ನೌಕರನ ಸೇವಾ ವಿವರ ವೈಯಕ್ತಿಕ ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರಾಶಿ ಕಡತ ಕೇಳಿದಾಗ 7(9) ತೋರಿಸಿ ಇಲ್ಲ ಅನ್ನುವವರಿದ್ದಾರೆ, ಅದು ತಪ್ಪು. ಆ ಸೆಕ್ಷನ್ನಲ್ಲಿ ಕೊಡುವ ರೂಪ ಬದಲಿಸಬಹುದು ಅಷ್ಟೇ. ನಾವು ದಿನ, ಸಮಯ ಬರೆದು ‘ಬಂದು ಕಡತ ನೋಡಿ, ಬೇಕಾದ ಪುಟ ಗುರುತು ಮಾಡಿ’ ಅಂತ ಕರೆಯುತ್ತೇವೆ. ಬರದಿದ್ದರೆ ಅದನ್ನೂ ಕಡತದಲ್ಲಿ ಬರೆದಿಡಿ ಮೇಡಂ ಅಥವಾ ಸರ್, ಯಾರೋ ಗೊತ್ತಾಗಲಿಲ್ಲ. ಮೇಲ್ಮನವಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ ಹೋದಾಗ ಅದೇ ಕಾಪಾಡೋದು.

ಅರ್ಜಿ ಹಾಕುವವನು: ನಾನು ಆ ಕಡೆಯವನು. ನಮ್ಮೂರಲ್ಲಿ ಚರಂಡಿ ಬಿಲ್ಲು ಕೇಳಿದ್ದಕ್ಕೆ ನನಗೂ ‘ಬ್ಲ್ಯಾಕ್‌ಮೇಲರ್’ ಪಟ್ಟ ಸಿಕ್ಕಿತ್ತು. ಶೇ. 75 ಸಿಬ್ಬಂದಿ ಶೇ. 75 ಸಮಯ ಮಾಹಿತಿ ಕೊಡುವುದರಲ್ಲೇ ಕಳೆಯುವಂತಾಗಬಾರದು ಅಂದ 2011ರ ಸುಪ್ರೀಂ ಕೋರ್ಟ್ ತೀರ್ಪನ್ನು ಅಧಿಕಾರಿಗಳು ಬಾಯಿಪಾಠ ಹೇಳುತ್ತಾರೆ. ಅದೇ ತೀರ್ಪಿನಲ್ಲೇ ವಿದ್ಯಾರ್ಥಿಗಳಿಗೆ ಅವರ ಉತ್ತರ ಪತ್ರಿಕೆ ತೋರಿಸಿ ಅಂತ ಆದೇಶ ಆಯ್ತು, ಅದನ್ನು ಯಾರೂ ಹೇಳಲ್ಲ. ಬಿಲ್ಲು ವೋಚರು ಎಲ್ಲ ಸೆಕ್ಷನ್ 4ರ ಪ್ರಕಾರ ನೀವೇ ಹೊರಗೆ ಹಾಕಿದ್ದರೆ ಅರ್ಧ ಅರ್ಜಿ ಬರುತ್ತಲೇ ಇರಲಿಲ್ಲ, ಅಲ್ವಾ? ಆತ ಹತ್ತು ವಿಷಯ ಕೇಳಿದ್ದರೂ ಒಂದು ಕಾಮಗಾರಿ ಮೇಲೆ ಕಣ್ಣಿರಬಹುದು. ಮೊದಲು ಆ ಕಡತ ನೋಡಿಕೊಳ್ಳಿ.

ಇನ್ನೊಬ್ಬ ಪಿಡಿಒ: ದುಡ್ಡು ಕೇಳಿದನಾ? ಕೇಳಿದ್ದರೆ ವಿಷಯವೇ ಬೇರೆ. ಕರೆ ರೆಕಾರ್ಡ್, ಮೆಸೇಜು ಇಟ್ಟುಕೊಂಡು ಠಾಣೆಗೆ ಸುಲಿಗೆ ದೂರು ಕೊಡಿ, ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 308ನೇ ಸೆಕ್ಷನ್. ಅರ್ಜಿಗೆ ಉತ್ತರ ಮಾತ್ರ ಗಡುವಿನಲ್ಲೇ ಹೋಗಲಿ, ಎರಡನ್ನೂ ಬೆರೆಸಬೇಡಿ. ಅಧ್ಯಕ್ಷರು ‘ಏನೋ ಕೊಟ್ಟು ಕಳಿಸಿ’ ಅಂತಾರೆ, ಕೇಳಬೇಡಿ. ಪಕ್ಕದ ಪಂಚಾಯಿತಿಯಲ್ಲಿ ಹಾಗೆ ಕೊಟ್ಟ ಮೇಲೆ ಅವನ ಸ್ನೇಹಿತರ ಅರ್ಜಿಗಳೂ ಶುರುವಾದವು.