ಅಪ್‌ಡೇಟ್: ಕೌದಿಯ ಅಸ್ತರು ಈಗ ಸುಕ್ಕಾಗುತ್ತಿಲ್ಲ

ಹೋದ ವಾರ ಕೇಳಿದ್ದೆ, ನೆನಪಿದೆ ಅಲ್ವಾ? ಅಮ್ಮನ ಹಳೇ ಕಾಟನ್ ಸೀರೆಗಳ ಕೌದಿಯನ್ನು ಮನೆಯ ಹೊಲಿಗೆ ಮಷಿನ್‌ನಲ್ಲಿ ಹೊಲಿಯುವಾಗ ಕೆಳಗಿನ ಅಸ್ತರು ಸುಕ್ಕಾಗುತ್ತಿದೆ, ಏನು ಮಾಡಲಿ ಅಂತ. ಕೊನೆಗೂ ಸರಿಹೋಯಿತು!

ಕೆಲಸಕ್ಕೆ ಬಂದದ್ದು, ಅಸ್ತರನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ ಎಂದ ಮಂಡ್ಯದ ಅಕ್ಕನ ಸಲಹೆ. ಹಾಲ್‌ನ ಸೋಫಾ ಸರಿಸಿ, ರೆಡ್ ಆಕ್ಸೈಡ್ ನೆಲ ಒರೆಸಿ, ಅಸ್ತರನ್ನು ಉಲ್ಟಾ ಹಾಸಿದೆ. ಮೊದಲ ಸಲ ತುಂಬಾ ಬಿಗಿಯಾಗಿ ಎಳೆದುಬಿಟ್ಟಿದ್ದೆ. ಟೇಪ್ ಕಿತ್ತ ತಕ್ಷಣ ಬಟ್ಟೆ ಕುಗ್ಗಿ ಮತ್ತೆ ನೆರಿಗೆ! ಎಳೆಯಬಾರದು, ಸುಕ್ಕು ಹೋಗುವಷ್ಟು ಚಪ್ಪಟೆ ಮಾಡಿದರೆ ಸಾಕು. ಇದು ನನಗೆ ಗೊತ್ತೇ ಇರಲಿಲ್ಲ. ಅದರ ಮೇಲೆ ಹತ್ತಿ ಹಾಳೆ, ಆಮೇಲೆ ಸೀರೆಯ ಪದರ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ, ಒಂದು ಮುಷ್ಟಿಯಗಲಕ್ಕೆ ಒಂದರಂತೆ ಸೇಫ್ಟಿ ಪಿನ್ ಹಾಕಿದೆ. ಅಸ್ತರು ಸುತ್ತಲೂ 3 ಇಂಚು ಜಾಸ್ತಿ ಬಿಟ್ಟಿದ್ದು ಒಳ್ಳೇದಾಯ್ತು, ಹೊಲಿಯುವಾಗ ಸ್ವಲ್ಪ ಜರುಗಿತು.

ಗುಂಡುಪಿನ್ ಮಾತ್ರ ಬೇಡ. ಸುತ್ತಿ ತಿರುಗಿಸುವಾಗ ಉದುರಿದವು, ಕೈಗೂ ಚುಚ್ಚಿದವು. ಕಚ್ಚಾ ಹೊಲಿಗೆ ಚೆನ್ನಾಗಿ ಹಿಡಿಯುತ್ತೆ, ಆದರೆ ಒಂದು ಮೂಲೆಗೇ ಇಡೀ ಸಂಜೆ ಹೋಯಿತು.

ವಾಕಿಂಗ್ ಫುಟ್ (ದಪ್ಪ ಪದರಗಳನ್ನು ಹೊಲಿಯಲು ಮಷಿನ್‌ಗೆ ಹಾಕುವ ಬೇರೆ ಪಾದ) ದೇವರಾಜ ಅರಸು ರಸ್ತೆ ಹತ್ತಿರದ ಅಂಗಡಿಯಲ್ಲಿ ಸಿಕ್ಕಿತು. ಮಷಿನ್‌ನ ಕೆಳಗಿನ ಹಲ್ಲಿನ ಜೊತೆಗೆ ಅದು ಮೇಲಿನಿಂದಲೂ ಬಟ್ಟೆಯನ್ನು ಸರಿಸುತ್ತೆ. 14ನೇ ನಂಬರ್ ಸೂಜಿ, ಹೊಲಿಗೆಯ ಉದ್ದ 3, ನಡುವಿನಿಂದ ಶುರು. ಪಿನ್ ಹತ್ತಿರ ಬಂದಾಗ ನಿಲ್ಲಿಸಿ ತೆಗೆಯಲೇಬೇಕು.

ನಿನ್ನೆ ರಾತ್ರಿ ಅಮ್ಮ ಅದನ್ನೇ ಹೊದ್ದು ಮಲಗಿದರು, ತಮ್ಮ ಹಸಿರು ಸೀರೆಯ ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ.