ಐಸೊಲ್ಯೂಸಿನ್, ವ್ಯಾಲಿನ್ ಕೊಡಲು ಆರಂಭಿಸಿದ ಮೇಲೆ ರಕ್ತ ಪರೀಕ್ಷೆ ಯಾವ ಹೊತ್ತಿಗೆ? – ಅನುಭವ ಹಂಚಿಕೆ

ಪ್ರಶ್ನೆ: ನಮ್ಮ 14 ತಿಂಗಳ ಮಗಳಿಗೆ ಮೇಪಲ್ ಸಿರಪ್ ಯೂರಿನ್ ಕಾಯಿಲೆ ಇದೆ (ಪ್ರೋಟೀನಿನ ಘಟಕಗಳಾದ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲಗಳನ್ನು ದೇಹ ಸರಿಯಾಗಿ ಒಡೆಯಲಾರದ ಹುಟ್ಟಿನಿಂದ ಬರುವ ಕಾಯಿಲೆ). ವಿಶೇಷ ಫಾರ್ಮುಲಾದ ಜೊತೆಗೆ ಐಸೊಲ್ಯೂಸಿನ್ ಮತ್ತು ವ್ಯಾಲಿನ್ ದ್ರಾವಣಗಳನ್ನೂ ಕೊಡುವಂತೆ ವೈದ್ಯರು ಹೇಳಿದ್ದಾರೆ. ಪ್ರಮಾಣವನ್ನು ಬದಲಿಸಿಲ್ಲ, ಆದರೂ ಎರಡು ವಾರಗಳ ಅಂತರದ ಎರಡು ವರದಿಗಳು ಒಂದಕ್ಕೊಂದು ಹೊಂದುತ್ತಿಲ್ಲ. ರಕ್ತವನ್ನು ಯಾವಾಗ ಕೊಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನನ್ನ ಮಗನಿಗೂ ಇದೇ ಕಾಯಿಲೆ, ಈಗ ಅವನಿಗೆ 6 ವರ್ಷ. ಮೊದಲ ವರ್ಷ ನಾವು ಒಮ್ಮೆ ದ್ರಾವಣ ಕುಡಿಸಿದ ಒಂದು ಗಂಟೆಯೊಳಗೆ ರಕ್ತ ಕೊಟ್ಟೆವು, ಮತ್ತೊಮ್ಮೆ ರಾತ್ರಿಯಿಡೀ ಏನೂ ಕುಡಿಯದೆ ಮಲಗಿದ್ದವನನ್ನು ಬೆಳಿಗ್ಗೆ ಎಬ್ಬಿಸಿ ಕರೆದೊಯ್ದೆವು. ಹೀಗೆ ಬಂದ ಎರಡು ಅಂಕಿಗಳನ್ನು ಹೋಲಿಸಬಾರದೆಂದು ನಮಗೆ ಆಗ ತಿಳಿದಿರಲಿಲ್ಲ. ದ್ರಾವಣದಲ್ಲಿರುವ ಬಿಡಿ ಅಮೈನೊ ಆಮ್ಲಕ್ಕೆ ಜೀರ್ಣವಾಗುವ ಅಗತ್ಯವಿಲ್ಲದ ಕಾರಣ ಅದು ಬೇಗನೆ ರಕ್ತ ಸೇರಿ ಏರುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದರೆ ದೇಹ ತನ್ನದೇ ಪ್ರೋಟೀನನ್ನು ಕರಗಿಸಿಕೊಳ್ಳುವುದರಿಂದ ಲ್ಯೂಸಿನ್ ಏರುತ್ತದೆ. ಈಗ ನಾವು ಪ್ರತಿ ಸಲವೂ ಬೆಳಗಿನ ಹಾಲು ಕೊಟ್ಟು 3 ಗಂಟೆಯಾದ ಮೇಲೆ, ಮುಂದಿನ ಆಹಾರಕ್ಕೆ ಮುಂಚೆ ರಕ್ತ ಕೊಡುತ್ತೇವೆ. ನಿಮ್ಮ ಆಹಾರ ತಜ್ಞರು ಬೇರೆ ಹೊತ್ತು ಹೇಳಿದರೆ ಅದನ್ನೇ ಪಾಲಿಸಿ, ಆದರೆ ಆ ಹೊತ್ತನ್ನು ಬದಲಿಸಬೇಡಿ. ಕೊನೆಯ ಡೋಸಿನ ಸಮಯ ಮತ್ತು ಮಿಲಿಗ್ರಾಂ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಲ್ಯೂಸಿನ್ ಮಿತಿಯಲ್ಲಿರಲೆಂದು ಹಾಲು, ಅನ್ನವನ್ನು ಅಳೆದು ಕೊಡುವಾಗ ಉಳಿದೆರಡು ಅಮೈನೊ ಆಮ್ಲಗಳು ಕಡಿಮೆ ಬೀಳಬಹುದು. ನಮ್ಮ ಮಗನಿಗೆ ಒಮ್ಮೆ ಐಸೊಲ್ಯೂಸಿನ್ ತೀರಾ ಇಳಿದು, ಬಾಯಿಯ ಸುತ್ತ ಮತ್ತು ಡೈಪರ್ ಕಟ್ಟುವ ಜಾಗದಲ್ಲಿ ಚರ್ಮ ಕೆಂಪಾಗಿ ಸುಲಿಯಿತು. ಆಹಾರ ಹೆಚ್ಚಿಸದಿದ್ದರೂ ಲ್ಯೂಸಿನ್ ಏರಿದ್ದನ್ನು ಕಂಡು ನಾನು ಹಾಲನ್ನು ಇನ್ನಷ್ಟು ಕಡಿತಗೊಳಿಸಲು ಹೊರಟಿದ್ದೆ, ವೈದ್ಯರು ತಡೆದರು. ಐಸೊಲ್ಯೂಸಿನ್ ಸಾಲದಿದ್ದಾಗ ದೇಹ ಪ್ರೋಟೀನ್ ಕಟ್ಟಲಾರದು, ಬಳಕೆಯಾಗದ ಲ್ಯೂಸಿನ್ ರಕ್ತದಲ್ಲೇ ಉಳಿಯುತ್ತದೆ ಎಂದು ವಿವರಿಸಿ ದ್ರಾವಣದ ಪ್ರಮಾಣವನ್ನು ಹೆಚ್ಚಿಸಿದರು, ಲ್ಯೂಸಿನ್ ಇಳಿಯಿತು. 5 ವರ್ಷದವರೆಗೆ ನಮಗೆ ಕೊಟ್ಟಿದ್ದ ಗುರಿ ಲ್ಯೂಸಿನ್‌ಗೆ ಲೀಟರಿಗೆ 75ರಿಂದ 200 ಮೈಕ್ರೊಮೋಲ್, ಉಳಿದೆರಡಕ್ಕೆ 200ರಿಂದ 400.

ಉತ್ತರ 2: ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಎರಡೂ ಪರೀಕ್ಷೆಗಳು ಒಂದೇ ವಿಧಾನದವೇ ಎಂಬುದನ್ನು ಮೊದಲು ನೋಡಿ. ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯನ್ನು ಅಣುಗಳನ್ನು ತೂಕದಿಂದ ಗುರುತಿಸುವ ಸಾಮಾನ್ಯ ಟ್ಯಾಂಡೆಮ್ ಮಾಸ್ ವಿಧಾನದಲ್ಲಿ ಪರೀಕ್ಷಿಸಿದರೆ ಲ್ಯೂಸಿನ್, ಐಸೊಲ್ಯೂಸಿನ್, ಅಲೊಐಸೊಲ್ಯೂಸಿನ್ (ಈ ಕಾಯಿಲೆಯಲ್ಲಿ ಐಸೊಲ್ಯೂಸಿನ್‌ನಿಂದ ಉಂಟಾಗುವ ವಸ್ತು) ಮೂರೂ ಒಂದೇ ಅಂಕಿಯಾಗಿ ಬರುತ್ತವೆ, ಏಕೆಂದರೆ ಅವುಗಳ ತೂಕ ಒಂದೇ. ನೀವು ಕೊಡುತ್ತಿರುವ ಐಸೊಲ್ಯೂಸಿನ್ ಅದರಲ್ಲಿ ಸೇರಿಕೊಂಡು ಲ್ಯೂಸಿನ್ ಏರಿದಂತೆ ತೋರಬಹುದು. ಇವನ್ನು ಬೇರ್ಪಡಿಸಿ ಅಳೆಯುವ ಕ್ರೊಮಟೊಗ್ರಫಿಯ ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದ ರಕ್ತದ ದ್ರವಭಾಗ) ಪರೀಕ್ಷೆಯನ್ನು ಕೇಳಿ. ಅದಕ್ಕೆ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಪಡೆದು, ತಡಮಾಡದೆ ಪ್ಲಾಸ್ಮಾ ಬೇರ್ಪಡಿಸಿ ತಂಪಾಗಿ ಇಡಬೇಕು. ವರದಿಯಲ್ಲಿರುವ ಅಳತೆಯ ಏಕಮಾನವನ್ನೂ ಗಮನಿಸಿ: ಡೆಸಿಲೀಟರಿಗೆ 1 ಮಿಲಿಗ್ರಾಂ ಲ್ಯೂಸಿನ್ ಎಂದರೆ ಲೀಟರಿಗೆ ಸುಮಾರು 76 ಮೈಕ್ರೊಮೋಲ್, ವ್ಯಾಲಿನ್‌ಗೆ ಅದು ಸುಮಾರು 85.

ಉತ್ತರ 3: ಮಗುವಿಗೆ ಜ್ವರವೋ ವಾಂತಿಯೋ ಬಂದ ದಿನಗಳಲ್ಲಿ ಲ್ಯೂಸಿನ್ ಏರುವುದರಿಂದ, ಆಗಿನ ಅಂಕಿಯನ್ನು ದ್ರಾವಣದ ಪ್ರಮಾಣ ಸರಿಯಿದೆಯೇ ಎಂದು ತೀರ್ಮಾನಿಸಲು ಬಳಸಬೇಡಿ. ಆದರೆ ಅಂಥ ದಿನ ನಿಗದಿಯಾದ ಹೊತ್ತಿಗಾಗಿ ಕಾಯಲೂ ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ವರದಿಗಳನ್ನು ಮತ್ತೆ ತೆಗೆದು ನೋಡಿದೆ. ಮೊದಲನೆಯದು ಕಾಗದದ ಚುಕ್ಕೆಯದು, ಎರಡನೆಯದು ಪ್ಲಾಸ್ಮಾದ್ದು. ರಕ್ತ ತೆಗೆದ ಹೊತ್ತು ಎರಡರಲ್ಲೂ ನಮೂದಾಗಿಲ್ಲ. ಸೋಮವಾರ ಇವೆರಡನ್ನೂ ವೈದ್ಯರಿಗೆ ತೋರಿಸಿ, ಮುಂದಿನ ಪರೀಕ್ಷೆಯ ಹೊತ್ತನ್ನು ಅವರಿಂದಲೇ ಬರೆಸಿಕೊಳ್ಳುತ್ತೇನೆ.